ಚಿಂದಿ ಅರಿವಿಯಿಂದ ಒಂದೂವರೆ ಗೇಣಿನ ಗೊಂಬೆ: ಕತ್ತರಿಯಿಂದ ಕುಪ್ಪಸದವರೆಗೆ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕಟಿಂಗ್ ಟೇಬಲ್ಲಿನ ಅಡಿಯಲ್ಲಿ ನೀಲಿ ಚಿಂದಿ ಗುಡ್ಡೆ ಬಿದ್ದಿರುತ್ತದೆ. ರಾಯಚೂರಿನ ಮಾರುಕಟ್ಟೆಗೆ ಸುಗ್ಗಿಯಲ್ಲಿ ಹತ್ತಿಯ ಗಾಡಿಗಳು ಸಾಲುಗಟ್ಟುತ್ತವೆ. ಕೊಪ್ಪಳದ ಕಡೆ ಮನೆಯ ಟ್ರಂಕು ತೆರೆದರೆ ಕೌದಿಗೆಂದು ಎತ್ತಿಟ್ಟ ಹಳೆಯ ಸೀರೆಗಳು ಸಿಗುತ್ತವೆ. ಬಟ್ಟೆ ಗೊಂಬೆಗೆ ಬೇಕಾದ ಸಾಮಾನು ಇದಕ್ಕಿಂತ ಹೆಚ್ಚೇನಿಲ್ಲ. ಅರಿವಿ, ಅರಳೆ, ಸೂಜಿ, ದಾರ, ಒಂದು ಹರಿತವಾದ ಕತ್ತರಿ. ಹೊಲಿಗೆ ಮಿಷನ್ ಇದ್ದರೆ ಕೆಲಸ ಬೇಗ ಆಗುತ್ತದೆ. ಇಲ್ಲದಿದ್ದರೂ ನಡೆಯುತ್ತದೆ.

ಗೊಂಬೆ ಹೊಲಿಯಲು ಕೂತವರು ಮೊದಲು ಕೇಳುವ ಪ್ರಶ್ನೆ ಒಂದೇ. "ಅಕ್ಕಾರ, ಮುಖ ಹೆಂಗ್ ಬರೀಬೇಕ್ರಿ?" ಮುಖದ ಮಾತು ಕೊನೆಗೆ. ನನ್ನ ಪ್ರಕಾರ ಬಟ್ಟೆ ಗೊಂಬೆ ಉಳಿಯುವುದೂ ಕೆಡುವುದೂ ಕುತ್ತಿಗೆಯಲ್ಲಿ. ಮುಖ ಸೊಟ್ಟಗಾದರೆ ಬಿಚ್ಚಿ ಮತ್ತೆ ಹಾಕಬಹುದು, ಮಗು ಆ ಸೊಟ್ಟ ಮುಖವನ್ನೇ ಮೆಚ್ಚಲೂಬಹುದು. ತಲೆ ಮಾತ್ರ ಹಿಂದಕ್ಕೆ ವಾಲಿ ಬಿದ್ದರೆ ಆ ಗೊಂಬೆಯನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಹಾಗಾಗಿ ಇಲ್ಲಿ ಅಳತೆ, ಹೊಲಿಗೆ, ತುಂಬುವಿಕೆ ಈ ಮೂರಕ್ಕೇ ಹೆಚ್ಚು ಜಾಗ.

ಅರಿವಿ ಆರಿಸುವುದು

ಮೈಗೆ ಒತ್ತಾಗಿ ನೇಯ್ದ ಹತ್ತಿ ಬಟ್ಟೆಯೇ ಆಗಬೇಕು. ಕೋರಾ ಬಟ್ಟೆ, ಪಾಪ್ಲಿನ್, ಗಟ್ಟಿ ಲೈನಿಂಗ್ ಬಟ್ಟೆ, ಹಳೆಯ ಹತ್ತಿಯ ಬೆಡ್‌ಶೀಟ್ ಯಾವುದಾದರೂ ಸರಿ. ಬೆಳಕಿಗೆ ಹಿಡಿದು ನೋಡಿ. ಎಳೆಗಳ ನಡುವೆ ಸಂದು ಕಂಡರೆ ಬೇಡ, ಅರಳೆ ಅಲ್ಲಿಂದಲೇ ಹೊರಗೆ ಇಣುಕುತ್ತದೆ. ಒಗೆದು ಒಗೆದು ಮೆತ್ತಗಾದ ಸೀರೆ ಕೈಗೆ ಹಿತ ಅನ್ನಿಸಿದರೂ ಮೈಗೆ ಬೇಡ. ಒಳಗಿನಿಂದ ಒತ್ತಿ ತುಂಬುವಾಗ ಹೊಲಿಗೆಯ ಪಕ್ಕದಲ್ಲೇ ಪಿಸಿಯುತ್ತದೆ. ಅದನ್ನು ಗೊಂಬೆಯ ಉಡುಪಿಗೆ ಎತ್ತಿಡಿ. ಟೀ ಶರ್ಟಿನ ಹೊಸೈರಿ ಬಟ್ಟೆ ಎಳೆದಷ್ಟೂ ಹಿಗ್ಗುವುದರಿಂದ ಮೊದಲ ಗೊಂಬೆಗೆ ಅದೂ ಬೇಡ. 90 ಸೆಂ.ಮೀ. ಪನ್ನದ (ಅಗಲದ) ಅರ್ಧ ಮೀಟರ್ ಬಟ್ಟೆಯಲ್ಲಿ ಒಂದು ಗೊಂಬೆಯ ಮೈ ಆಗಿ ಇನ್ನೂ ಉಳಿಯುತ್ತದೆ.

ಹೊಸ ಬಟ್ಟೆಯಾದರೆ ಬಿಸಿನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಹಾಕಬೇಕು. ಹತ್ತಿ ಮೊದಲ ನೀರಿಗೆ ಕುಗ್ಗುತ್ತದೆ. ಜೊತೆಗೆ ಗಿರಣಿಯ ಗಂಜಿ ಹೋಗದಿದ್ದರೆ ಬಣ್ಣ ಸಮನಾಗಿ ಹಿಡಿಯುವುದಿಲ್ಲ.

ಜೀನ್ಸ್ ಚಿಂದಿಯ ಬಗ್ಗೆ ಒಂದು ಮಾತು. ಬಳ್ಳಾರಿಯಲ್ಲಿ ಅದು ಸುಲಭಕ್ಕೆ ಸಿಗುತ್ತದೆ ಎಂದು ಇಡೀ ಗೊಂಬೆಯನ್ನು ಅದರಲ್ಲೇ ಹೊಲಿಯಲು ಹೋಗಬೇಡಿ. ದಪ್ಪ ಡೆನಿಮ್ ಹೊಲಿದು ತಿರುವಿದಾಗ ಒಳಗಿನ ಅಂಚೇ ಒಂದು ಬೆರಳು ದಪ್ಪ ಆಗಿ ಕೈಕಾಲಿನ ಆಕಾರವೇ ಉಳಿಯುವುದಿಲ್ಲ. ಪಾದಕ್ಕೆ, ಚೀಲಕ್ಕೆ, ಗಂಡು ಗೊಂಬೆಯ ಚೊಣ್ಣಕ್ಕೆ ತೆಳು ಡೆನಿಮ್ ಚೆನ್ನಾಗಿ ಒಪ್ಪುತ್ತದೆ. ದಪ್ಪ ತುಂಡಿಗೂ ಒಂದು ಒಳ್ಳೆಯ ಕೆಲಸ ಇದೆ, ಮುಂದೆ ಕುತ್ತಿಗೆಯ ಹತ್ತಿರ ಹೇಳುತ್ತೇನೆ. ಯಾವುದಕ್ಕೆ ಬಳಸಿದರೂ ಬಿಳಿ ಬಟ್ಟೆಯ ಪಕ್ಕಕ್ಕೆ ಇಡುವ ಮೊದಲು ನೀರು ನೀಲಿ ಬಿಡುವುದು ನಿಲ್ಲುವ ತನಕ ಬೇರೆಯಾಗಿ ಒಗೆಯಿರಿ. ಉಪ್ಪು ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ಜೀನ್ಸಿನ ನೀಲಿ ಉಪ್ಪಿಗೆ ಜಗ್ಗುವುದಿಲ್ಲ.

ಚರ್ಮದ ಬಣ್ಣ

ಅಂಗಡಿಯಲ್ಲಿ "ಸ್ಕಿನ್ ಕಲರ್" ಕೇಳಿದರೆ ಒಂದು ತೆಳು ಗುಲಾಬಿ ಬಟ್ಟೆ ಕೊಡುತ್ತಾರೆ. ಈ ಬಿಸಿಲು ನಾಡಿನಲ್ಲಿ ಅಂಥ ಚರ್ಮ ಯಾರಿಗಿದೆಯೋ ನನಗಂತೂ ತಿಳಿಯದು. ಮನೆಯ ಚಹಾಪುಡಿ ಸಾಕು. ಒಂದು ಲೀಟರ್ ನೀರಿಗೆ ನಾಲ್ಕೈದು ದೊಡ್ಡ ಚಮಚ ಪುಡಿ ಹಾಕಿ ಚೆನ್ನಾಗಿ ಕುದಿಸಿ ಸೋಸಿ. ಒಂದು ಚರಟವೂ ಉಳಿಯಬಾರದು, ಉಳಿದರೆ ಚುಕ್ಕೆ ಬೀಳುತ್ತದೆ. ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ನೆನೆಸಿ ಹಿಂಡಿ, ಆಮೇಲೆ ಬಿಸಿ ಡಿಕಾಕ್ಷನ್‌ನಲ್ಲಿ ಮುಳುಗಿಸಿ. ಅರ್ಧ ಗಂಟೆ ಆಗಾಗ ಕೈಯಾಡಿಸುತ್ತಿರಿ. ಮಡಿಕೆ ಬಿದ್ದ ಕಡೆ ಗೆರೆ ಮೂಡುತ್ತದೆ.

ಒದ್ದೆ ಬಟ್ಟೆ ಕಡು ಕಾಣುತ್ತದೆ, ಒಣಗಿದ ಮೇಲೆ ಒಂದೆರಡು ಛಾಯೆ ಇಳಿಯುತ್ತದೆ. ಆದ್ದರಿಂದ ನಿಮಗೆ ಬೇಕಾದ್ದಕ್ಕಿಂತ ತುಸು ಕಪ್ಪಾಗುವ ತನಕ ಬಿಡಿ. ಗೋಧಿ ಬಣ್ಣ, ಎಣ್ಣೆಗಪ್ಪು ಎರಡೂ ಚಹಾದಲ್ಲೇ ಬರುತ್ತವೆ. ಎರಡನೆಯದಕ್ಕೆ ಮತ್ತೊಮ್ಮೆ ಮುಳುಗಿಸಬೇಕು, ಅಷ್ಟೆ. ನೆರಳಲ್ಲಿ ಒಣಗಿಸಿ. ನಮ್ಮ ಏಪ್ರಿಲ್ ಬಿಸಿಲಿಗೆ ಹಾಕಿದರೆ ಒಂದು ಕಡೆ ಬೇಗ ಒಣಗಿ ಪಟ್ಟೆ ಕಾಣಿಸಿಕೊಳ್ಳುತ್ತದೆ.

ಅಳತೆ ಮತ್ತು ಪ್ಯಾಟರ್ನ್

ಹಳೆಯ ಲಗ್ನಪತ್ರಿಕೆಯ ರಟ್ಟು ಪ್ಯಾಟರ್ನಿಗೆ ಹೇಳಿ ಮಾಡಿಸಿದಂತಿದೆ. ಮೂರು ತುಂಡು ಬರೆದುಕೊಳ್ಳಿ: ತಲೆ ಮತ್ತು ಮೈ ಸೇರಿ ಒಂದು, ಕೈ ಒಂದು, ಕಾಲು ಒಂದು.

ತಲೆ 9 ಸೆಂ.ಮೀ. ಎತ್ತರ, 10 ಸೆಂ.ಮೀ. ಅಗಲ. ಕುತ್ತಿಗೆ 2 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ. ಭುಜದಿಂದ ಸೊಂಟದ ಕೆಳಗಿನವರೆಗೆ 12 ಸೆಂ.ಮೀ., ಭುಜದ ಅಗಲ 10, ಕೆಳಗೆ 11. ಕೈ 12 ಸೆಂ.ಮೀ. ಉದ್ದ, 4 ಅಗಲ. ಕಾಲು 13 ಸೆಂ.ಮೀ. ಉದ್ದ, 5 ಅಗಲ, ತುದಿಯಲ್ಲಿ ಪಾದಕ್ಕೆ ಸ್ವಲ್ಪ ಮುಂಚಾಚು. ಹೊಲಿದು ತುಂಬಿದಾಗ ಗೊಂಬೆ ಹತ್ತಿರ ಹತ್ತಿರ ಒಂದೂವರೆ ಗೇಣು ಬರುತ್ತದೆ.

ಈ ಅಳತೆಯಲ್ಲಿ ಬರೆದಾಗ ರಟ್ಟಿನ ಮೇಲಿನ ಚಿತ್ರ ಕುಳ್ಳು, ದಪ್ಪ ಕುತ್ತಿಗೆಯ ಪೈಲ್ವಾನನ ಹಾಗೆ ಕಾಣುತ್ತದೆ. ತಿದ್ದಬೇಡಿ. ಚಪ್ಪಟೆ ಬಟ್ಟೆಯ ಎರಡು ಪದರವನ್ನು ಹೊಲಿದು ದುಂಡಗೆ ತುಂಬಿದರೆ ಅಗಲ ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. 5 ಸೆಂ.ಮೀ. ಕುತ್ತಿಗೆ ತುಂಬಿದ ಮೇಲೆ 3 ಸೆಂ.ಮೀ.ಗೆ ಸ್ವಲ್ಪ ಮೇಲೆ ಬರುತ್ತದೆ, 4 ಸೆಂ.ಮೀ. ಕೈ ಎರಡೂವರೆಗೆ ಇಳಿಯುತ್ತದೆ. ಹೆಚ್ಚಿನ ಗೊಂಬೆಗಳ ತಲೆ ವಾಲುವುದಕ್ಕೆ ಕಾರಣ ಇಲ್ಲೇ ಇದೆ. ಚೆಂದ ಕಾಣಲೆಂದು ಕಾಗದದ ಮೇಲೆ ಹಂಸದ ಕುತ್ತಿಗೆ ಬರೆಯುತ್ತಾರೆ, ತುಂಬಿದಾಗ ಅದು ಪೆನ್ಸಿಲ್ಲಿನಷ್ಟಾಗಿ ತಲೆಯ ಭಾರ ಹೊರುವುದಿಲ್ಲ. ಚಪ್ಪಟೆಯಾಗಿದ್ದಾಗ ಕುತ್ತಿಗೆ ತಲೆಯ ಅರ್ಧದಷ್ಟಾದರೂ ಅಗಲ ಇರಲಿ.

ಪ್ಯಾಟರ್ನನ್ನು ಬಟ್ಟೆಯ ಮೇಲೆ ಇಡುವಾಗ ಹಾಸು, ಹೊಕ್ಕು ನೋಡಿ. ಬಟ್ಟೆಯ ಕರೆಗೆ, ಅಂದರೆ ನೇಯ್ದ ಅಂಚಿಗೆ, ಸಮನಾಗಿ ಓಡುವ ಎಳೆ ಹಾಸು. ಅದು ಹಿಗ್ಗುವುದು ತೀರ ಕಡಿಮೆ. ಅಡ್ಡ ಎಳೆ ಹೊಕ್ಕು, ತುಸು ಹಿಗ್ಗುತ್ತದೆ. ಮೂಲೆಯಿಂದ ಮೂಲೆಗೆ ಎಳೆದರೆ ಅತಿ ಹೆಚ್ಚು. ಮೈ, ಕೈ, ಕಾಲಿನ ಉದ್ದ ಹಾಸಿನ ಗುಂಟ ಬಂದರೆ ತುಂಬಿದಾಗ ಅವು ಉದ್ದಕ್ಕೆ ಜಗ್ಗದೆ ಅಡ್ಡಕ್ಕೆ ತುಂಬಿಕೊಂಡು ನೆಟ್ಟಗೆ ಇರುತ್ತವೆ. ಬಟ್ಟೆ ಉಳಿಸಲು ಓರೆಯಾಗಿ ಕತ್ತರಿಸಿದ ಕಾಲು ಒಂದು ಕಡೆ ತಿರುಚಿಕೊಳ್ಳುತ್ತದೆ. ಆಮೇಲೆ ಎಷ್ಟು ತಟ್ಟಿದರೂ ನೆಟ್ಟಗಾಗುವುದಿಲ್ಲ.

ಹೊಲಿಗೆ ಮೊದಲು, ಕತ್ತರಿ ಆಮೇಲೆ

ಜಾಕೀಟು, ಲಂಗ ಹೊಲಿದು ರೂಢಿ ಇರುವವರಿಗೆ ಇದು ಉಲ್ಟಾ ಅನ್ನಿಸೀತು. ಬಟ್ಟೆಯನ್ನು ಒಳಮೈ ಹೊರಗೆ ಬರುವಂತೆ ಎರಡು ಮಡಿಕೆ ಮಾಡಿ, ಪ್ಯಾಟರ್ನ್ ಇಟ್ಟು ಪೆನ್ಸಿಲ್ಲಿನಲ್ಲಿ ಸುತ್ತ ಗೆರೆ ಎಳೆಯಿರಿ. ಬಾಲ್‌ಪೆನ್ ಬೇಡ, ಒಗೆದಾಗ ಶಾಯಿ ಹರಡುತ್ತದೆ. ಕೈ ಎರಡು ಸಲ, ಕಾಲು ಎರಡು ಸಲ. ಪಾದದ ಚಾಚು ಇದ್ದರೆ ಎರಡನೆಯ ಸಲ ಪ್ಯಾಟರ್ನ್ ಮಗುಚುವ ಅಗತ್ಯ ಇಲ್ಲ, ಎರಡು ಪದರ ಒಟ್ಟಿಗೆ ಹೊಲಿದ ಕಾಲನ್ನು ಹೇಗೆ ಬೇಕಾದರೂ ತಿರುಗಿಸಿ ಹಚ್ಚಬಹುದು. ಗುಂಡುಸೂಜಿ ಚುಚ್ಚಿ, ಎಳೆದ ಗೆರೆಯ ಮೇಲೇ ಹೊಲಿಯಿರಿ. ಹೊಲಿದಾದ ಮೇಲೆ ಸುತ್ತ 5-6 ಮಿ.ಮೀ. ಬಿಟ್ಟು ಕತ್ತರಿಸಿ. ಸಣ್ಣ ತುಂಡುಗಳನ್ನು ಮೊದಲೇ ಕತ್ತರಿಸಿಕೊಂಡರೆ ಕೈಯಲ್ಲಿ ಜಾರಿ ಎಡಗೈ ಒಂದು ಅಳತೆ, ಬಲಗೈ ಇನ್ನೊಂದು ಅಳತೆ ಆಗುತ್ತದೆ.

ತೆರೆದು ಬಿಡಬೇಕಾದ ಜಾಗಗಳು: ಮೈಯ ಕೆಳಭಾಗ ಪೂರ್ತಿ, ಕೈಯ ಮೇಲ್ತುದಿ, ಕಾಲಿನ ಮೇಲ್ತುದಿ.

ಮಿಷನ್ನಿನಲ್ಲಾದರೆ 14 ನಂಬರ್ ಸೂಜಿ, ಟಾಕಿಯ (ಒಂದೊಂದು ಹೊಲಿಗೆಯ) ಉದ್ದ ಒಂದೂವರೆಯಿಂದ 2 ಮಿ.ಮೀ. ಕುತ್ತಿಗೆಯ ಎರಡೂ ಬದಿ ಅದೇ ಗೆರೆಯ ಮೇಲೆ ಇನ್ನೊಂದು ಸಲ ಓಡಿಸಿ. ಕೈ ಹೊಲಿಗೆಯಾದರೆ ಬ್ಯಾಕ್ ಸ್ಟಿಚ್, ಅಂದರೆ ಒಂದು ಟಾಕಿ ಹಿಂದಕ್ಕೆ ಬಂದು ಎರಡು ಟಾಕಿ ಮುಂದೆ ಹೋಗುವ ಹೊಲಿಗೆ. ಒಂದು ಸೆಂ.ಮೀ.ಗೆ ನಾಲ್ಕೈದು ಟಾಕಿ ಬೀಳಬೇಕು. ಕೌದಿ ಹೊಲಿದವರ ಕೈ ಉದ್ದನೆಯ ಸಾಲು ಹೊಲಿಗೆಗೆ ಒಗ್ಗಿರುತ್ತದೆ. ಕೌದಿಗೆ ಅದು ಚೆಂದ, ಪದರಗಳು ಮೆತ್ತಗೆ ಕೂತುಕೊಳ್ಳುತ್ತವೆ. ಗೊಂಬೆಯಲ್ಲಿ ಹೊಲಿಗೆ ಒಳಗಿನ ಒತ್ತಡ ತಡೆಯಬೇಕು. ಉದ್ದ ಟಾಕಿಯ ನಡುವೆ ಅರಳೆ ಹಲ್ಲು ಕಿರಿಯುತ್ತದೆ. ದಾರ ಎರಡೆಳೆ ಮಾಡಿಕೊಳ್ಳಿ, ಮೇಣದಬತ್ತಿಗೆ ಒಮ್ಮೆ ಉಜ್ಜಿಕೊಂಡರೆ ಗಂಟು ಬೀಳದೆ ಓಡುತ್ತದೆ.

ಕತ್ತರಿಸಿದ ಮೇಲೆ ತಿರುಗಿಸುವ ಮೊದಲು ಒಳಬಾಗಿದ ಕಡೆಯೆಲ್ಲ ಚಿಕ್ಕ ಕತ್ತರಿ ಕಚ್ಚು ಹಾಕಬೇಕು. ಕುತ್ತಿಗೆ ತಲೆಗೆ ಸೇರುವ ಮೂಲೆ, ಕುತ್ತಿಗೆ ಭುಜಕ್ಕೆ ಇಳಿಯುವ ತಿರುವು, ಪಾದದ ಮೇಲಿನ ಬಾಗು. ಕಚ್ಚು ಹೊಲಿಗೆಯ ಹತ್ತಿರಕ್ಕೆ, ಒಂದೆರಡು ಎಳೆ ಉಳಿಯುವಷ್ಟು ಹೋಗಬೇಕು. ಹೆದರಿ ಅರ್ಧಕ್ಕೆ ನಿಲ್ಲಿಸಿದರೆ ಕುತ್ತಿಗೆಯಲ್ಲಿ ನೆರಿಗೆ ಉಳಿದು ಗೊಂಬೆಗೆ ಗಂಟಲು ಊದಿದಂತೆ ಕಾಣುತ್ತದೆ. ತಲೆ, ಪಾದದ ತುದಿಯಂಥ ಹೊರಬಾಗಿದ ಕಡೆ ಸಣ್ಣ ತ್ರಿಕೋನ ಕತ್ತರಿಸಿ ತೆಗೆಯಿರಿ.

ತಿರುಗಿಸಲು ಖಾಲಿ ಪೆನ್ನಿನ ದಪ್ಪ ಕೊಳವೆ ಬೇಕು. ಕೊಳವೆಯನ್ನು ಕೈಯೊಳಗೆ ಮುಚ್ಚಿದ ತುದಿ ಮುಟ್ಟುವ ತನಕ ತೂರಿಸಿ, ಹೊರಗಿನಿಂದ ಮೊಂಡು ಪೆನ್ಸಿಲ್ಲಿನ ಹಿಂಬದಿಯಿಂದ ಆ ತುದಿಯನ್ನು ಕೊಳವೆಯ ಒಳಕ್ಕೆ ಒತ್ತಿ. ಬಟ್ಟೆ ತನ್ನಷ್ಟಕ್ಕೆ ತಿರುವಿಕೊಂಡು ಬರುತ್ತದೆ. ಹೆರಪಿನ್ನು ಸಿಕ್ಕಿಸಿ ಎಳೆಯುವವರಿದ್ದಾರೆ, ಹತ್ತರಲ್ಲಿ ಒಂದು ಸಲ ಅದು ಬೆರಳ ತುದಿಯ ಹೊಲಿಗೆಯನ್ನೇ ಕಿತ್ತುಕೊಂಡು ಬರುತ್ತದೆ.

ತುಂಬುವುದು

ಹೊಲಿಗೆಗೆ ಹಿಡಿದಷ್ಟೇ ಹೊತ್ತು ಇದಕ್ಕೂ ಕೊಡಿ. ಅವಸರದವರು ಇಲ್ಲೇ ಎಡವುತ್ತಾರೆ.

ಏನು ತುಂಬಬೇಕು? ಹಿಂಜಿದ ಅರಳೆ ತುಂಬಿದ ಗೊಂಬೆಗೆ ಒಂದು ತೂಕ ಇರುತ್ತದೆ, ಕೈಯಲ್ಲಿ ಕೂಸಿನಂತೆ ಕೂರುತ್ತದೆ. ಹಾಸಿಗೆ ಹೊಲಿಯುವ ಪಿಂಜಾರರ ಅಂಗಡಿಯಲ್ಲಿ ಕೇಳಿದರೆ ಕಾಲು ಕಿಲೋ ಕೊಡುತ್ತಾರೆ. ಅದು ಒಂದು ಗೊಂಬೆಗೆ ಧಾರಾಳ. ಹಿಂಜದ ಅರಳೆ ಮಾತ್ರ ತುಂಬಬೇಡಿ, ಉಂಡೆ ಉಂಡೆಯಾಗಿ ಕೂತು ಹೊರಗಿನಿಂದ ಗಡ್ಡೆ ಕಾಣುತ್ತದೆ. ಅರಳೆಯ ಕಷ್ಟ ಒಗೆಯುವಾಗ. ನೀರು ಹೀರಿ ಗಟ್ಟಿಯಾಗುತ್ತದೆ, ಒಳಗೆ ಒಣಗಲು ದಿನಗಳು ಬೇಕು, ಮಳೆಗಾಲವಾದರೆ ಮುಗ್ಗಲು ವಾಸನೆ. ಜೊಲ್ಲು ಸುರಿಸುವ ಮಗುವಿಗೆ ಮಾಡುವುದಾದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಫೈಬರ್ ವಾಸಿ. ಹಗುರ, ಒಗೆದರೆ ಸಂಜೆಗೆ ಒಣಗುತ್ತದೆ. ಚಿಂದಿಯನ್ನೇ ಸಣ್ಣಗೆ ಕತ್ತರಿಸಿ ತುಂಬುವುದು ಅಗ್ಗ ಹೌದು, ಮೈಗೆ ಒಳಪದರವಾಗಿ ಪರವಾಗಿಲ್ಲ. ಮುಖಕ್ಕೆ ಬೇಡವೇ ಬೇಡ.

ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವ ಮಾಡಿ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ತಿದ್ದಿ ರೂಢಿಯಾದ ಕೈ ನಮ್ಮದು. ಮಣ್ಣನ್ನು ಹೊರಗಿನಿಂದ ಒತ್ತಿ ಆಕಾರ ಕೊಡುತ್ತೇವೆ. ಬಟ್ಟೆ ಗೊಂಬೆಗೆ ಆಕಾರ ಒಳಗಿನಿಂದ ಬರಬೇಕು, ಹಾಗಾಗಿ ಬೆರಳಿಗಿಂತ ಕಡ್ಡಿಗೆ ಹೆಚ್ಚು ಕೆಲಸ. ತುದಿ ಮೊಂಡು ಮಾಡಿದ ಒಂದು ಬಿದಿರಿನ ಕಡ್ಡಿ ಇಟ್ಟುಕೊಳ್ಳಿ.

ತಲೆಯಿಂದ ಶುರು. ಲಿಂಬೆಕಾಯಿ ಗಾತ್ರದ ಅರಳೆಯನ್ನು ಬೆರಳಿನಲ್ಲಿ ಬಿಡಿಸಿ ಹಗುರ ಮಾಡಿ ಒಳಗೆ ಹಾಕಿ. ಮೊದಲು ಹೊಲಿಗೆಯ ಗುಂಟ ಸುತ್ತಲೂ ಒತ್ತಬೇಕು, ನಡುವೆ ಕೊನೆಗೆ. ನಡುವೆ ಮೊದಲು ತುಂಬಿದರೆ ಅಂಚಿನಲ್ಲಿ ಗಾಳಿ ಉಳಿದು ತಲೆ ಸುಕ್ಕಾಗುತ್ತದೆ. ಹೊಸ ತುಣುಕು ಹಾಕುವಾಗ ಕಡ್ಡಿಯಿಂದ ಹಳೆಯದರ ಹೊಟ್ಟೆಯೊಳಕ್ಕೆ ಚುಚ್ಚಿ ಸೇರಿಸಿ. ಎರಡೂ ಬೇರೆ ಬೇರೆ ಉಂಡೆಯಾಗಿ ಉಳಿಯಬಾರದು. ತಲೆ ತುಂಬಿತು ಅನ್ನಿಸಿದ ಮೇಲೂ ಇನ್ನೊಂದು ಹಿಡಿ ಹೋಗುತ್ತದೆ. ಬೆರಳಿನಿಂದ ಒತ್ತಿದರೆ ಮಾಗಿದರೂ ಮೆತ್ತಗಾಗದ ಪೇರಲಹಣ್ಣಿನಂತೆ ಅಂಗೈಗೆ ಬಿಗಿ ಕೊಡಬೇಕು.

ಈಗ ಕುತ್ತಿಗೆ. ಇಲ್ಲಿ ಆ ದಪ್ಪ ಜೀನ್ಸ್ ತುಂಡು. 6 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ ಬೀಡಿ ಸುತ್ತಿದಂತೆ ಬಿಗಿಯಾಗಿ ಸುತ್ತಿ, ಎರಡು ಸೆಂ.ಮೀ. ದಪ್ಪ ಬಂದಾಗ ದಾರದಿಂದ ಸುತ್ತಿ ಹೊಲಿದು ಬಿಡಿ. ಇದು ಗೊಂಬೆಯ ಕತ್ತಿನ ಎಲುಬು. ತಲೆಯ ಅರಳೆಯ ನಡುವೆ ಕಡ್ಡಿಯಿಂದ ಒಂದು ಗುಳಿ ಮಾಡಿ, ಸುರುಳಿಯ ಎರಡು ಸೆಂ.ಮೀ. ತಲೆಯೊಳಗೆ, ಎರಡು ಕುತ್ತಿಗೆಯಲ್ಲಿ, ಎರಡು ಎದೆಯಲ್ಲಿ ಇಳಿಯುವಂತೆ ಕೂರಿಸಿ. ಸುರುಳಿಯ ಸುತ್ತ ಉಳಿದ ಸಂದಿಗೆ ಚಿಟಿಕೆ ಚಿಟಿಕೆ ಅರಳೆ ತುರುಕಿ. ಐಸ್‌ಕ್ರೀಮ್ ಕಡ್ಡಿ ಇಡಿ ಎಂದು ಹಲವರು ಕಲಿಸುತ್ತಾರೆ. ಶೋಕೇಸಿನ ಗೊಂಬೆಗೆ ಇಡಬಹುದು. ಮಗು ಮೇಲೆ ಬಿದ್ದು ಮಲಗುವ ಗೊಂಬೆಯೊಳಗೆ ಮುರಿದು ಚುಚ್ಚುವ ಕಟ್ಟಿಗೆ ಯಾಕೆ? ಡೆನಿಮ್ ಸುರುಳಿ ಮುರಿಯುವುದಿಲ್ಲ, ಒಗೆಯಬಹುದು, ಬಾಗಿದರೂ ನೆಟ್ಟಗಾಗುತ್ತದೆ.

ಇಷ್ಟಾದ ಮೇಲೆ ಗೊಂಬೆಯ ಎದೆ ಹಿಡಿದು ಅಲ್ಲಾಡಿಸಿ. ತಲೆ ಸ್ವಲ್ಪವೂ ಜೋಲಬಾರದು. ಜೋತರೆ ಈಗಲೇ ತೆಗೆದು ಮತ್ತೆ ತುಂಬಿ. ಭುಜಗಳಿಗೂ ಇದೇ ಬಿಗಿ ಬೇಕು, ಏಕೆಂದರೆ ಕುತ್ತಿಗೆ ನಿಂತಿರುವುದು ಭುಜದ ಮೇಲೆ. ಎದೆಯಿಂದ ಕೆಳಗೆ ಬಂದಂತೆ ಬಿಗಿ ಸಡಿಲಿಸಬಹುದು. ಹೊಟ್ಟೆ ಸ್ವಲ್ಪ ಮೆತ್ತಗಿದ್ದರೆ ಗೊಂಬೆ ಕೂರಲು ಒಗ್ಗುತ್ತದೆ.

ಕೈಕಾಲು

ಕೈಗೆ ಬೆರಳ ತುದಿಯಿಂದ ಬಿಗಿಯಾಗಿ ತುಂಬುತ್ತ ಬಂದು, ಮೇಲಿನ 2 ಸೆಂ.ಮೀ. ಖಾಲಿ ಬಿಡಿ. ಕಾಲಿಗೂ ಹಾಗೇ. ಖಾಲಿ ಬಿಟ್ಟ ಆ ಜಾಗವೇ ಕೀಲು. ತುದಿಯ ತನಕ ತುಂಬಿದ ಕಾಲು ಗೊಂಬೆಯನ್ನು ಕೂರಗೊಡುವುದಿಲ್ಲ, ಮುಂದಕ್ಕೆ ಸೆಟೆದು ನಿಲ್ಲುತ್ತದೆ.

ಮೈಯ ಕೆಳ ಅಂಚನ್ನು 1 ಸೆಂ.ಮೀ. ಒಳಕ್ಕೆ ಮಡಚಿ, ಎರಡು ಕಾಲಿನ ಮೇಲ್ತುದಿಯನ್ನು ಆ ಮಡಿಕೆಯ ನಡುವೆ 1 ಸೆಂ.ಮೀ. ಸೇರಿಸಿ. ಪಾದ ಎರಡೂ ಮುಂದಕ್ಕೆ ನೋಡುತ್ತಿವೆಯೇ ಎಂದು ಇಲ್ಲಿ ಒಮ್ಮೆ ತಪ್ಪದೆ ನೋಡಿ. ಗುಂಡುಸೂಜಿ ಹಾಕಿ, ದಾರ ಎರಡೆಳೆ ಮಾಡಿ, ಈ ಬದಿಯಿಂದ ಆ ಬದಿಗೆ ಎಲ್ಲ ಪದರ ಹಾಯುವಂತೆ ಬ್ಯಾಕ್ ಸ್ಟಿಚ್ ಹಾಕಿ. ಅದೇ ದಾರಿಯಲ್ಲಿ ವಾಪಸ್ ಬನ್ನಿ.

ಕೈಯ ಮೇಲ್ತುದಿಯನ್ನು ಒಳಕ್ಕೆ ಮಡಚಿ ಭುಜದ ಹೊಲಿಗೆಗೆ ಹಚ್ಚಿ. ಹೊಲಿಗೆ ಕಾಣದಂತೆ ಹಚ್ಚುವ ವಿಧಾನ ಹೀಗೆ: ಕೈಯ ಮಡಿಕೆಯ ಅಂಚಿನಲ್ಲಿ ಒಂದು ಚಿಕ್ಕ ಟಾಕಿ, ನೇರ ಎದುರಿಗೆ ಮೈಯ ಮೇಲೆ ಒಂದು ಚಿಕ್ಕ ಟಾಕಿ, ಮತ್ತೆ ಕೈ, ಮತ್ತೆ ಮೈ. ನಡುವೆ ದಾರ ಏಣಿಯ ಮೆಟ್ಟಿಲಿನಂತೆ ಅಡ್ಡ ಕಾಣುತ್ತದೆ. ನಾಲ್ಕೈದು ಟಾಕಿಗೊಮ್ಮೆ ದಾರ ಜಗ್ಗಿದರೆ ಎರಡೂ ಅಂಚು ಕೂಡಿಕೊಂಡು ದಾರ ಮಾಯವಾಗುತ್ತದೆ. ಒಂದು ಸುತ್ತು ಸಾಲದು, ಎರಡು ಹಾಕಿ. ಮಕ್ಕಳು ಗೊಂಬೆಯನ್ನು ಎಳೆದುಕೊಂಡು ಹೋಗುವುದು ಕೈ ಹಿಡಿದೇ.

ಕೂದಲು

ಕಪ್ಪು ಉಲನ್ ಸಾಕು. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ನಿಜವಾದ ಕೂದಲಿನ ವ್ಯಾಪಾರವೇ ನಡೆಯುತ್ತದಾದರೂ ಮಕ್ಕಳ ಗೊಂಬೆಗೆ ಅದರ ಗೊಡವೆ ಬೇಡ, ಉದುರಿ ಬಾಯಿಗೆ ಹೋಗುತ್ತದೆ. 20 ಸೆಂ.ಮೀ. ಉದ್ದದ ಒಂದು ಪುಸ್ತಕಕ್ಕೆ ಉಲನ್ ಅನ್ನು 60-70 ಸುತ್ತು ಸುತ್ತಿ ಒಂದು ಕಡೆ ಕತ್ತರಿಸಿ. ಸಿಕ್ಕ ಎಳೆಗಳನ್ನು 7 ಸೆಂ.ಮೀ. ಉದ್ದದ ಕಪ್ಪು ಪಟ್ಟಿಯ ಮೇಲೆ ಒತ್ತಾಗಿ ಹರಡಿ, ನಟ್ಟನಡುವೆ ಹೊಲಿಯಿರಿ. ಆ ಹೊಲಿಗೆಯೇ ಬೈತಲೆ. ಪಟ್ಟಿಯನ್ನು ಹಣೆಯಿಂದ ನೆತ್ತಿಯ ಹಿಂದಕ್ಕೆ ಇಟ್ಟು ತಲೆಗೆ ಹೊಲಿದು, ಕಿವಿಯ ಮಟ್ಟದಲ್ಲಿ ಎರಡೂ ಬದಿ ಕೂದಲನ್ನು ಮತ್ತೊಮ್ಮೆ ಟಾಕಿ ಹಾಕಿ ಹಿಡಿಸಿ. ಹಾಗೆ ಹಿಡಿಸದಿದ್ದರೆ ಬೋಳು ತಲೆ ಇಣುಕುತ್ತದೆ. ಜಡೆ ಹೆಣೆದು ಕೆಂಪು ಟೇಪು ಕಟ್ಟಿ. ಫೆವಿಕಾಲ್, ಗ್ಲೂಗನ್ ಎರಡನ್ನೂ ದೂರ ಇಡಿ. ಒಗೆದಾಗ ಬಿಡುತ್ತದೆ, ಬಿಡದಿದ್ದರೆ ಹಕ್ಕಳೆಯಂತೆ ಗಟ್ಟಿಯಾಗಿ ಕೂರುತ್ತದೆ.

ಮುಖ, ಕೊನೆಗೂ

ಬರೆಯುವ ಮೊದಲು ಒಮ್ಮೆ ಕಿನ್ನಾಳಕ್ಕೆ ಹೋಗಿ ಬನ್ನಿ, ಕೊಪ್ಪಳ ಊರಿನಿಂದ ದೂರವೇನಿಲ್ಲ. ಚಿತ್ರಗಾರರ ಮನೆಗಳಲ್ಲಿ ಹಗುರ ಕಟ್ಟಿಗೆಯ ದೇವರು, ಗೌರಿ, ಪ್ರಾಣಿ, ಹಣ್ಣು ಮಾಡಿಟ್ಟಿರುತ್ತಾರೆ. ಭೌಗೋಳಿಕ ಸೂಚಕ ಪಡೆದ ಕಲೆ ಅದು. ಅಲ್ಲಿ ಗೊಂಬೆಗೆ ಬಣ್ಣ ಹಚ್ಚುವ ಮೊದಲಿನ ಕೆಲಸ ನೋಡುವಂಥದ್ದು. ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿ ಚಿಂದಿ, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಕಲಸಿ ಕಿಟ್ಟ ಮಾಡುತ್ತಾರೆ. ಅದನ್ನು ಮೈಗೆ ಮೆತ್ತಿ, ಮೇಲೆ ಹತ್ತಿ ಬಟ್ಟೆಯ ಸಣ್ಣ ತುಂಡುಗಳನ್ನು ಅದೇ ಅಂಟಿನಲ್ಲಿ ಅಂಟಿಸುತ್ತಾರೆ. ಆಮೇಲೆ ಕಲ್ಲುಪುಡಿಯ ಲೇಪ, ಆಮೇಲೆ ಬಣ್ಣ. ಕಟ್ಟಿಗೆಯ ಗೊಂಬೆಯ ಬಣ್ಣದ ಕೆಳಗೂ ಅರಿವಿಯೇ ಇದೆ. ಕಣ್ಣುಗಳನ್ನು ಗಮನಿಸಿ: ದೊಡ್ಡವು, ಗೆರೆ ಖಚಿತ, ಮುಖದಲ್ಲಿ ಉಳಿದದ್ದೆಲ್ಲ ಕಣ್ಣಿಗೆ ದಾರಿ ಬಿಟ್ಟು ಚಿಕ್ಕದಾಗಿದೆ. ಬಟ್ಟೆ ಗೊಂಬೆಗೂ ಅದೇ ಲೆಕ್ಕ ಒಪ್ಪುತ್ತದೆ. ಮೂಗು ಇಲ್ಲದಿದ್ದರೂ ನಡೆದೀತು.

ಕಣ್ಣು ತಲೆಯ ಎತ್ತರದ ಸರಿ ಅರ್ಧದಲ್ಲಿ ಬರಬೇಕು, ಮಗುವಿನ ಮುಖ ಬೇಕಾದರೆ ಅರ್ಧಕ್ಕಿಂತ ತುಸು ಕೆಳಗೆ. ಬಹಳ ಜನ ಹಣೆಯ ಹತ್ತಿರ ಇಟ್ಟುಬಿಡುತ್ತಾರೆ, ಆಗ ಗೊಂಬೆಗೆ ವಯಸ್ಸಾಗುತ್ತದೆ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಯುವಷ್ಟು ಜಾಗ. ಎರಡು ಕಪ್ಪು ಗುಂಡುಸೂಜಿ ಚುಚ್ಚಿ ದೂರ ನಿಂತು ನೋಡಿ, ಸರಿ ಅನ್ನಿಸುವ ತನಕ ಜರುಗಿಸಿ. ಆಮೇಲೆ ಪೆನ್ಸಿಲ್ಲಿನ ಚುಕ್ಕೆ.

ಕಸೂತಿಯ ರೇಷ್ಮೆಯಂತೆ ಹೊಳೆಯುವ ಹತ್ತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ. ಎರಡೆಳೆ ಬಿಡಿಸಿಕೊಳ್ಳಿ. ಸೂಜಿಯನ್ನು ತಲೆಯ ಹಿಂಭಾಗದಿಂದ, ಕೂದಲಿನ ಅಡಿಯಿಂದ ಚುಚ್ಚಿ ಕಣ್ಣಿನ ಚುಕ್ಕೆಯಲ್ಲಿ ಹೊರತೆಗೆಯಿರಿ. ಗಂಟು ಹಿಂದೆ ಉಳಿದು ಕೂದಲಿನಲ್ಲಿ ಮರೆಯಾಗುತ್ತದೆ. ಕಣ್ಣಿನ ಕರಿಗುಡ್ಡೆಗೆ ಪಕ್ಕ ಪಕ್ಕ ಒತ್ತಾಗಿ ಎಳೆ ಹಾಕಿ ತುಂಬಿ, ಮೇಲಿನ ರೆಪ್ಪೆಗೆ ಬ್ಯಾಕ್ ಸ್ಟಿಚ್ಚಿನ ಒಂದು ಕಮಾನು, ಕರಿಗುಡ್ಡೆಯ ಮೇಲ್ಭಾಗದಲ್ಲಿ ಬಿಳಿ ದಾರದ ಒಂದೇ ಟಾಕಿ. ಆ ಬಿಳಿ ಚುಕ್ಕೆ ಎರಡೂ ಕಣ್ಣಿನಲ್ಲಿ ಒಂದೇ ಬದಿಗೆ ಇರಲಿ. ಬಾಯಿಗೆ ಕೆಂಪು ದಾರದ ಮೂರ್ನಾಲ್ಕು ಟಾಕಿ. ಹಣೆಗೆ ಕುಂಕುಮದ ಬಣ್ಣದ ಗಂಟು ಹೊಲಿಗೆ: ಸೂಜಿಗೆ ದಾರ ಎರಡು ಸುತ್ತು ಸುತ್ತಿ ಬಂದ ತೂತಿನ ಪಕ್ಕದಲ್ಲೇ ಇಳಿಸುವುದು.

ಉಡುಪು

ಸುಲಭದ್ದು ಲಂಗ. 16 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದದ ಪಟ್ಟಿ, ಕೆಳಗೆ ಹೆಮ್ಮಿಂಗ್, ಮೇಲೆ ನೇಫಾ (ಲಾಡಿ ತೂರಿಸುವ ಮಡಿಕೆ) ಮಾಡಿ ಎಲಾಸ್ಟಿಕ್. ಮುಗಿಯಿತು.

ಕುಪ್ಪಸಕ್ಕೆ ಹಳೆಯ ಖಣದ ತುಂಡು ಸಿಕ್ಕರೆ ಅದೃಷ್ಟ. ಗೊಂಬೆಯನ್ನು ಕೈ ಅಗಲಿಸಿ ಕಾಗದದ ಮೇಲೆ ಮಲಗಿಸಿ, ಸುತ್ತ ಎರಡು ಸೆಂ.ಮೀ. ಬಿಟ್ಟು ತೋಳು ಸೇರಿದ ಒಂದೇ ತುಂಡು ಬರೆದುಕೊಳ್ಳಿ. ಮುಂದೆ ನಡುವೆ ಸೀಳಿ, ಕೆಳತುದಿಯಲ್ಲಿ ಎರಡು ಕಡೆ ಉದ್ದ ಬಾಲ ಬಿಟ್ಟರೆ ನಮ್ಮ ಅಜ್ಜಿಯರು ಕಟ್ಟುತ್ತಿದ್ದ ಹಾಗೆ ಎದೆಯ ಕೆಳಗೆ ಗಂಟು ಹಾಕಬಹುದು. ಹುಕ್ಕು ಬೇಡ, ಟಿಚ್ ಬಟನ್ ಬೇಡ, ಮಗುವಿಗೆ ತಾನೇ ಬಿಚ್ಚಿ ಕಟ್ಟುವ ಆಟ ಬೇರೆ.

ಸೀರೆ ಉಡಿಸುವ ಆಸೆ ಇದ್ದರೆ ಹಳೆಯ ಇಳಕಲ್ ಸೀರೆಯ ಅಂಚಿನ ಪಟ್ಟಿ ಸುಮ್ಮನೆ ಕತ್ತರಿಸಬೇಡಿ. ನಾಲ್ಕು ಬೆರಳು ದಡಿ ಗೊಂಬೆಯನ್ನೇ ನುಂಗುತ್ತದೆ. ಸಣ್ಣ ಗೆರೆ ದಡಿಯ ಸೀರೆ ಹುಡುಕಿ, 17 ಸೆಂ.ಮೀ. ಅಗಲ, 80-90 ಸೆಂ.ಮೀ. ಉದ್ದ ತೆಗೆದು, ನೆರಿಗೆಯನ್ನು ಟಾಕಿ ಹಾಕಿ ಕೂರಿಸಿ.

ಸಂಡೂರಿನ ಲಂಬಾಣಿ ಕಸೂತಿ ನೋಡಿದವರಿಗೆ ಗೊಂಬೆಗೂ ಕನ್ನಡಿ ಹಚ್ಚುವ ಹಂಬಲ ಹುಟ್ಟುವುದು ಸಹಜ. ಅಂಟಿಲ್ಲದೆ, ತೂತಿಲ್ಲದ ಕನ್ನಡಿಯನ್ನು ದಾರದಲ್ಲೇ ಹಿಡಿಸುವ ಉಪಾಯ ಬಲು ಜಾಣತನದ್ದು. ಬಿಲ್ಲೆಯನ್ನು ಬಟ್ಟೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಮೇಲಿನಿಂದ ಕೆಳಗೆ ಎರಡು ದಾರ, ಅಡ್ಡಕ್ಕೆ ಎರಡು ದಾರ, ಅಡ್ಡ ದಾರ ಉದ್ದ ದಾರಕ್ಕೆ ಒಂದು ಸುತ್ತು ಹಾಕಿಕೊಂಡು ಹೋಗಲಿ. ಕನ್ನಡಿಯ ಮೇಲೆ ಒಂದು ಚೌಕ ಮೂಡುತ್ತದೆ. ಇನ್ನು ಸುತ್ತಲೂ, ಸೂಜಿಯನ್ನು ಚೌಕದ ದಾರದ ಅಡಿಯಿಂದ ತೂರಿಸಿ ಹೊರಕ್ಕೆ ಎಳೆದು, ಕನ್ನಡಿಯ ಅಂಚಿನಲ್ಲಿ ಬಟ್ಟೆಗೆ ಒಂದು ಚಿಕ್ಕ ಟಾಕಿ, ದಾರ ಸೂಜಿಯ ಕೆಳಗೆ. ಮತ್ತೆ ಚೌಕ, ಮತ್ತೆ ಬಟ್ಟೆ. ಸುತ್ತು ಮುಗಿಯುವಷ್ಟರಲ್ಲಿ ಚೌಕ ಎಳೆಸಿಕೊಂಡು ದುಂಡಾಗುತ್ತದೆ, ಕನ್ನಡಿ ಅಲುಗುವುದಿಲ್ಲ. ಮೊದಲ ನಾಲ್ಕು ದಾರ ಸಡಿಲವಾದರೆ ಬಿಲ್ಲೆ ಜಾರಿ ಬೀಳುತ್ತದೆ, ಅವನ್ನು ಬಿಗಿಯಾಗಿ ಎಳೆಯಿರಿ. ಗಾಜಿನ ಕನ್ನಡಿ ದೊಡ್ಡ ಮಕ್ಕಳ ಗೊಂಬೆಗೆ ಮಾತ್ರ.

ಮಗುವಿನ ಕೈಗೆ ಕೊಡುವ ಮೊದಲು

ಮೂರು ವರ್ಷದೊಳಗಿನ ಮಗುವಿಗಾದರೆ ಗುಂಡಿ, ಮಣಿ, ಕವಡೆ, ಕನ್ನಡಿ, ಗೆಜ್ಜೆ ಒಂದೂ ಬೇಡ. ಎಲ್ಲವೂ ದಾರದ್ದೇ ಆಗಲಿ. ಗುಂಡುಸೂಜಿ ಎಷ್ಟು ತೆಗೆದುಕೊಂಡಿದ್ದಿರೋ ಅಷ್ಟೂ ಡಬ್ಬಿಗೆ ವಾಪಸ್ ಬಂದಿವೆಯೇ ಎಣಿಸಿ. ಒಂದು ಕಡಿಮೆ ಇದ್ದರೆ ಗೊಂಬೆಯ ಮೈಯೆಲ್ಲ ಅಯಸ್ಕಾಂತ ಆಡಿಸಿ ನೋಡಿ. ಕೈ, ಕಾಲು, ಜಡೆ ಮೂರನ್ನೂ ನಿಮ್ಮ ಬಲವೆಲ್ಲ ಹಾಕಿ ಜಗ್ಗಿ. ಕಿತ್ತರೆ ನಿಮ್ಮ ಕೈಯಲ್ಲೇ ಕೀಳಲಿ.

ಅರಳೆಯ ಗೊಂಬೆಯನ್ನು ಮುಳುಗಿಸಿ ಒಗೆಯಬೇಡಿ. ಸೋಪಿನ ನೊರೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಬಿಸಿಲಿಗಿಡಿ. ಚಹಾದ ಬಣ್ಣ ಸೋಡಾ ಹೆಚ್ಚಿರುವ ಸೋಪಿಗೆ ಬದಲಾಗುತ್ತದೆ, ಶಾಂಪೂ ವಾಸಿ.

ಮನೆಗೆಂದು, ನೆಂಟರ ಮಗುವಿಗೆಂದು ಮಾಡುವ ತನಕ ಇಷ್ಟೇ. ಮಾರಲು ಹೊರಟರೆ ಕಾನೂನು ಬರುತ್ತದೆ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನವರ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ಬಟ್ಟೆಯ ಗೊಂಬೆಗೂ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ವಸ್ತುಗಳಿಗೆ, ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರ ಉತ್ಪನ್ನಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಹಾಗಾಗಿ ಸ್ವಸಹಾಯ ಸಂಘದಲ್ಲಿ ಸೇರಿ ಹತ್ತಾರು ಗೊಂಬೆ ಹೊಲಿದು ಜಾತ್ರೆಗೆ ಒಯ್ಯುವ ಯೋಚನೆ ಇದ್ದರೆ, ಬಟ್ಟೆ ಖರೀದಿಸುವ ಮೊದಲೇ ಕುಶಲಕರ್ಮಿ ಗುರುತಿನ ಚೀಟಿಗೆ ಅರ್ಜಿ ಹಾಕಿ.